‘ಹಚ್ಚು’ ಪದಕ್ಕೆ ಒಂಬತ್ತು ಚೀಟಿ

ಗಂಗಾವತಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಒಂಬತ್ತನೇ ತರಗತಿಯ ಹುಡುಗನೊಬ್ಬ ಪರೀಕ್ಷೆಯಲ್ಲಿ ‘ಐ ಅಪ್ಲೈಡ್ ದ ಫ್ಯಾನ್’ ಎಂದು ಬರೆದಿದ್ದ. ಕರೆದು ಕೇಳಿದೆ. “ಸರ್, ಹಚ್ಚು ಅಂದ್ರ ಅಪ್ಲೈ ಅಂತ ಡಿಕ್ಷನರಿಯಾಗ ಐತ್ರಿ. ನಾವು ಫ್ಯಾನ್ ಹಚ್ತೀವಲ್ರಿ?” ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಅವತ್ತೇ ಸಂಜೆ ಚೀಟಿ ಬರೆಯಲು ಕೂತೆ.

ಒಂದು ಮಗ್ಗುಲು ಖಾಲಿ ಇದ್ದ ಹಳೇ ಪ್ರಶ್ನೆಪತ್ರಿಕೆಗಳನ್ನು ನಾಲ್ಕು ತುಂಡು ಮಾಡಿದೆ. ಮೇಲೆ ಪದ, ಕೆಳಗೆ ಮಕ್ಕಳು ಆಡಿದ ವಾಕ್ಯ ಆಡಿದ ಹಾಗೇ, ಅದರ ಕೆಳಗೆ ಇಂಗ್ಲಿಷ್ ವಾಕ್ಯ, ಮೂಲೆಯಲ್ಲಿ ತಾರೀಖು. ‘ಹಚ್ಚು’ ಒಂದಕ್ಕೇ ಒಂಬತ್ತು ಚೀಟಿ ಆದವು. ದೀಪ ಹಚ್ಚಿದರೆ ಲೈಟ್, ಫ್ಯಾನ್ ಹಚ್ಚಿದರೆ ಟರ್ನ್ ಆನ್, ಫೋನ್ ಹಚ್ಚಿದರೆ ಕಾಲ್, ಸಸಿ ಹಚ್ಚಿದರೆ ಪ್ಲಾಂಟ್, ಮಗಳನ್ನು ಸಾಲಿಗೆ ಹಚ್ಚಿದರೆ ಅಡ್ಮಿಟ್. ಬೆಂಕಿಗೆ, ಕೆಲಸಕ್ಕೆ ಬೇರೆ ಬೇರೆ. ತಲೆಗೆ ಎಣ್ಣೆ ಹಚ್ಚುವಾಗ ಮಾತ್ರ ಅಪ್ಲೈ ನಡೆಯುತ್ತದೆ. ಗೋಡೆಗೆ ಬಣ್ಣ ಹಚ್ಚುವಲ್ಲಿ ‘ಹಚ್ಚು’ ಮಾಯವಾಗಿ ಬಣ್ಣವೇ ಕ್ರಿಯಾಪದವಾಗುತ್ತದೆ: ಪೇಂಟ್ ದ ವಾಲ್. ಇದನ್ನು ಬೋರ್ಡಿನ ಮೇಲೆ ಬರೆದ ದಿನ ಇಡೀ ತರಗತಿ ಹೊಸ ಹೊಸ ‘ಹಚ್ಚು’ ಕೂಗಿ ಕೂಗಿ ಹೇಳಿತು.

ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟು ಕೂಡ ಇಂಥ ಲಕ್ಷಾಂತರ ಚೀಟಿಗಳಿಂದಲೇ ಬೆಳೆದು 1928ರಲ್ಲಿ ಮುಗಿದದ್ದು. ಅಲ್ಲಿ ಪದದ ಅರ್ಥಗಳಿಗೆ ಚರಿತ್ರೆಯ ಕ್ರಮ, ಹಳೆಯದು ಮೊದಲು. ನಾನು ಮಕ್ಕಳ ಬಾಯಲ್ಲಿ ಹೆಚ್ಚು ಓಡಾಡುವುದನ್ನೇ ಮೊದಲಿಗೆ ಇಟ್ಟೆ. ನಮ್ಮಲ್ಲಿ ‘ದೀಪ’ಕ್ಕಿಂತ ‘ಫೋನ್’ ಮುಂದೆ ಬಂತು.

ತಪ್ಪೂ ಆಯಿತು. ‘ಟರ್ನ್ ಆನ್’ ಚೀಟಿ ನೋಡಿಕೊಂಡು ಐದಾರು ಮಕ್ಕಳು ‘ಟರ್ನ್ ಆನ್ ಇಟ್’ ಎಂದು ಬರೆದರು. ‘ಟರ್ನ್ ಇಟ್ ಆನ್’ ಎನ್ನಬೇಕು, ‘ಇಟ್’ ನಡುವೆ ಕೂರಬೇಕು. ಅದನ್ನು ನಾನೇ ಬರೆದಿರಲಿಲ್ಲ. ಜಪಾನಿನಲ್ಲಿ ಪಾಠ ಮಾಡುತ್ತಿದ್ದ ಎ. ಎಸ್. ಹಾರ್ನ್‌ಬಿ ಸಂಗಡಿಗರೊಡನೆ ಸೇರಿ, ಇಂಗ್ಲಿಷ್ ಕಲಿಯುವವರಿಗೆಂದೇ ನಿಘಂಟು ಕಟ್ಟಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚು ಹಾಕಿಸಿದರು. ಕ್ರಿಯಾಪದದ ಜೊತೆ ಏನು ಬರುತ್ತದೆ, ಯಾವ ಜಾಗದಲ್ಲಿ ಬರುತ್ತದೆ ಎಂಬುದನ್ನು ಅವರು ಅದರಲ್ಲಿ ನಮೂನೆ ಮಾಡಿ ತೋರಿಸಿದ್ದರು. ಅವರಿಗೆ ಆ ಹಟ ಯಾಕಿತ್ತು ಎಂದು ನನಗೆ ತಿಳಿದದ್ದು ಈ ಐದಾರು ಉತ್ತರಪತ್ರಿಕೆಗಳಿಂದ. ಕ್ರಿಯಾಪದದ ಚೀಟಿಗಳನ್ನೆಲ್ಲ ಹೊಸದಾಗಿ ಬರೆದೆ.

ಈಗ ಕೈಯಲ್ಲಿರುವುದು ‘ಹತ್ತು’. ಬಸ್ ಹತ್ತುವುದು, ಗುಡ್ಡ ಹತ್ತುವುದು, ಚಟ ಹತ್ತುವುದು ಸಲೀಸಾಗಿ ಮುಗಿದವು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಕಿಟಕಿ ಕಡೆ ನೋಡುತ್ತ, “ಸರ್, ಮಳಿ ಬರಾಕ ಹತ್ತೈತಿ ಅಂತೀವಲ್ರಿ, ಆ ಹತ್ತಿಗೆ ಏನ್ ಬರ್ಕೊಳ್ಳೂನ್ರಿ?” ಅಂದಳು. ಆ ‘ಹತ್ತು’ವಿಗೆ ಇಂಗ್ಲಿಷಿನಲ್ಲಿ ಬಿಡಿ ಪದವೇ ಇಲ್ಲ, ‘ರೇನ್’ ಹಿಂದಿನ ‘ಈಸ್’, ಮುಂದಿನ ‘ಇಂಗ್’ ಸೇರಿ ಆ ಕೆಲಸ ಮಾಡುತ್ತವೆ. ಚೀಟಿಯನ್ನು ಅವಳ ಕೈಯಲ್ಲೇ ಬರೆಸಿದೆ.