ಆಲ್ಪ್ಸ್‌ನ ಆರೆಂಜ್ ಕಾಸರಗೋಡಿನ ಆರೆಂಜ್ ಅಲ್ಲ

ಬಣ್ಣದ ಎಚ್ಚರಿಕೆ ಕಾಸರಗೋಡಿನವರಿಗೆ ಹೊಸತಲ್ಲ. ಆಟಿ ತಿಂಗಳಲ್ಲಿ ಎದ್ದ ಕೂಡಲೇ ಕೇಳುವುದೇ ಇವತ್ತು ಯೆಲ್ಲೋವಾ, ಆರೆಂಜಾ, ರೆಡ್ಡಾ ಎಂದು. ರೆಡ್ ಆದರೆ ಮಕ್ಕಳು ಕಲೆಕ್ಟರರ ರಜೆಗೆ ಕಾಯುತ್ತಾರೆ, ಆರೆಂಜ್ ಆದರೆ ದೊಡ್ಡವರು ಕೊಡೆ ಹಿಡಿದು ಕೆಲಸಕ್ಕೆ ಹೊರಡುತ್ತಾರೆ. ಸ್ವಿಟ್ಜರ್ಲೆಂಡಿಗೆ ಬಂದ ಹೊಸಬರು ಎಪ್ರಿಲ್‌ನಲ್ಲಿ ಬೆಟ್ಟ ಹತ್ತುವಾಗ ಎಡವುವುದು ಇದೇ ಅಭ್ಯಾಸದಿಂದ.

ದಾವೋಸ್‌ನ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್ ಚಳಿಗಾಲದಲ್ಲಿ ದಿನವೂ ಸಂಜೆ 5ಕ್ಕೆ ಹಿಮಕುಸಿತದ ಬುಲೆಟಿನ್ ಕೊಡುತ್ತದೆ. ಇಂಗ್ಲಿಷಿನಲ್ಲೂ ಇದೆ, ವೈಟ್ ರಿಸ್ಕ್ ಆ್ಯಪ್‌ನಲ್ಲೂ ಸಿಗುತ್ತದೆ. ಅಪಾಯಕ್ಕೆ 5 ಹಂತ: 1 ಹಸಿರು, 2 ಹಳದಿ, 3 ಆರೆಂಜ್, 4 ಕೆಂಪು, 5 ಕಡುಗೆಂಪು. ‘ಐದರಲ್ಲಿ ಮೂರು ತಾನೆ, ನಡುವಿನದ್ದು’ ಎಂದು ಹೊರಟುಬಿಡುತ್ತಾರೆ. ಇಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತದ್ದು 3ನೇ ಹಂತದ ದಿನಗಳಲ್ಲೇ. 4 ಎಂದಾಗ ಹೆಚ್ಚಿನವರು ಮನೆಯಲ್ಲಿರುತ್ತಾರೆ, 3 ಎಂದಾಗ ಹೋಗುತ್ತಾರೆ.

ವ್ಯತ್ಯಾಸದ ಬೇರು ಇಲ್ಲಿದೆ. ಕೇರಳದ ಆರೆಂಜ್ ಎಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆ. ನೀವು ಅಂಗಳದಲ್ಲಿದ್ದರೂ ಜಗಲಿಯಲ್ಲಿದ್ದರೂ ಆ ಮಳೆ ಅಷ್ಟೇ. ಆಲ್ಪ್ಸ್‌ನ 3ನೇ ಹಂತದಲ್ಲಿ ಕಡಿದಾದ ಇಳಿಜಾರಿನ ಹಿಮ ಒಬ್ಬನ ಭಾರಕ್ಕೇ ಜರಿಯಬಹುದು. ಅಂದರೆ ಅದನ್ನು ಜರಿಸುವವರು ನೀವೇ. 2 ಎಂದರೆ ಕ್ಷೇಮ ಎಂದೂ ಅರ್ಥವಲ್ಲ. ಸರ್ಕಾರಿ ಭೂಪಟ ಸಂಸ್ಥೆ ಸ್ವಿಸ್ ಟೋಪೋದ ಇಳಿಜಾರು ನಕ್ಷೆಯ ಬಣ್ಣಗಳನ್ನು ಇದರೊಂದಿಗೆ ಬೆರೆಸಬೇಡಿ: ಅಲ್ಲಿ ಹಳದಿ 30ರಿಂದ 35 ಡಿಗ್ರಿ ಇಳಿಜಾರು, ಆರೆಂಜ್ 35ರಿಂದ 40, ಕೆಂಪು 40ರಿಂದ 45. ಬಣ್ಣ ತುಂಬಿದ ಜಾಗವೆಲ್ಲ ಹಿಮ ಜರಿಯುವಷ್ಟು ಕಡಿದಾದದ್ದು. ನಿಮ್ಮ ದಾರಿ ಸಮತಟ್ಟಾಗಿದ್ದರೆ ಸಾಲದು, ತಲೆಯ ಮೇಲಿನ ಇಳಿಜಾರನ್ನೂ ನೋಡಿ.

ವಸಂತದಲ್ಲಿ ಇನ್ನೊಂದು ತೊಡಕು. ಒಣ ಹಿಮಕ್ಕೂ ಒದ್ದೆ ಹಿಮಕ್ಕೂ ಬೇರೆ ಬೇರೆ ಹಂತ ಕೊಡುತ್ತಾರೆ. ಬೆಳಿಗ್ಗೆ 1 ಇದ್ದದ್ದು ಮಧ್ಯಾಹ್ನಕ್ಕೆ 3 ಆಗಬಹುದು. ಧನುರ್ಮಾಸದ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ ತೆಂಗಿನೆಣ್ಣೆ ಬಿಸಿಲಿಗಿಟ್ಟರೆ ಹೇಗೆ ಅಂಚಿನಿಂದ ಸಡಿಲವಾಗುತ್ತದೋ ಹಾಗೆ. ಆಕಾಶ ಶುಭ್ರವಾಗಿದ್ದ ರಾತ್ರಿ ಮೇಲಿನ ಪದರ ಗಟ್ಟಿಯಾಗುತ್ತದೆ. ಬಿಸಿಲೇರಿದಂತೆ ನೀರು ಒಳಗಿಳಿದು ಪದರಗಳ ಹಿಡಿತ ಬಿಡಿಸುತ್ತದೆ. ಪೂರ್ವದ ಮೈ ಮೊದಲು, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ರಾತ್ರಿ ಮೋಡವಿದ್ದರೆ ಹಿಮ ಸರಿಯಾಗಿ ಗಟ್ಟಿಯಾಗಿರುವುದೇ ಇಲ್ಲ, ಆ ದಿನ ಕಡಿದಾದ ಕಡೆ ಕಾಲಿಡಬೇಡಿ. ನಸುಕಿಗೆ ಮುಂಚೆ ಹೊರಡಿ, ಮಧ್ಯಾಹ್ನಕ್ಕೆ ಮುಂಚೆ ಕೆಳಗಿರಿ. ಬೂಟು ಕಾಲಿನ ಹರಡು ದಾಟಿ ಹೂಳತೊಡಗಿದರೆ, ಇಳಿಜಾರಿನಲ್ಲಿ ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ ಗಡಿಯಾರ ನೋಡಬೇಡಿ, ಹಿಂದಿರುಗಿ.

ಟ್ರಾನ್ಸೀವರ್ (ಹಿಮದಡಿ ಹುದುಗಿದವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಕನಿಷ್ಠ 240 ಸೆಂಟಿಮೀಟರಿನ ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಕೋಲು), ಲೋಹದ ಸಲಿಕೆ ಪ್ರತಿಯೊಬ್ಬರ ಬಳಿ ಇರಬೇಕು. ಗುಂಪಿಗೊಂದು ಎಂದರೆ ಯಾರಿಗೂ ಇಲ್ಲದ ಹಾಗೆ. ಹುದುಗಿದವರನ್ನು ಮೊದಲ 10 ನಿಮಿಷದೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಅಷ್ಟರೊಳಗೆ ಹೆಲಿಕಾಪ್ಟರ್ ತಲಪುವುದು ಅಪರೂಪ. ಟ್ರಾನ್ಸೀವರ್ ಹೊರಡುವಾಗಲೇ ‘ಸೆಂಡ್’ನಲ್ಲಿರಲಿ, ಒಬ್ಬರದನ್ನೊಬ್ಬರು ಪರೀಕ್ಷಿಸಿ. ಮೊಬೈಲ್ ಅದರಿಂದ 20 ಸೆಂಟಿಮೀಟರ್ ದೂರವಿರಲಿ, ಹುಡುಕುವಾಗ 50. ಅನುಮಾನದ ಜಾಗವನ್ನು ಒಬ್ಬೊಬ್ಬರಾಗಿ ದಾಟಿ.

ಕಾಸರಗೋಡಿನ ರಾಣಿಪುರ ಬೆಟ್ಟದಲ್ಲಿ ಅರಣ್ಯ ಇಲಾಖೆಯ ಟಿಕೆಟ್ ಇಲ್ಲದೆ ಹತ್ತುವ ಹಾಗಿಲ್ಲ. ಇಲ್ಲಿ ಸ್ಕೀ ಪಿಸ್ತೆಯ, ಅಂದರೆ ಗುರುತು ಹಾಕಿದ ಜಾರುದಾರಿಯ, ಹೊರಗೆ ಕಾವಲುಗಾರನೂ ಇಲ್ಲ, ಸರಪಳಿಯೂ ಇಲ್ಲ. ಮಾಹಿತಿ ಕೊಡುವುದರಲ್ಲಿ ಸ್ವಿಸ್ ಕ್ರಮವೇ ಮೇಲು, ಆದರೆ ಓದಲು ಕಲಿಯದ ಹೊಸಬನಿಗೆ ನಮ್ಮೂರಿನ ಮುಚ್ಚಿದ ಗೇಟೇ ಹೆಚ್ಚು ಕ್ಷೇಮ.

ಇನ್ನು ದುಡ್ಡಿನ ವಿಷಯ. ರಕ್ಷಣೆಗೆ ಹೆಲಿಕಾಪ್ಟರ್ ರಕ್ಷಣಾ ಸಂಸ್ಥೆ ರೇಗಾದ 1414ಕ್ಕೆ ಕರೆ ಮಾಡಿ, ವಾಲೆ ಕ್ಯಾಂಟನ್ನಿನಲ್ಲಾದರೆ (ಕ್ಯಾಂಟನ್ ಎಂದರೆ ಇಲ್ಲಿನ ರಾಜ್ಯ) 144. ವಾರಕ್ಕೆ 8 ಗಂಟೆಯಾದರೂ ಒಂದೇ ಕಡೆ ದುಡಿಯುವವರಿಗೆ ಅಪಘಾತ ವಿಮೆ ಇರುತ್ತದೆ. ದುಡಿಯದ ಹೆಂಡತಿಗೋ ಗಂಡನಿಗೋ ಇರುವುದು ಮೂಲ ಆರೋಗ್ಯ ವಿಮೆ ಮಾತ್ರ. ಅದು ದೇಶದೊಳಗಿನ ರಕ್ಷಣೆಯ ಖರ್ಚಿನ ಅರ್ಧವನ್ನಷ್ಟೇ ಕೊಡುತ್ತದೆ, ಅದೂ ವರ್ಷಕ್ಕೆ 5000 ಫ್ರಾಂಕ್ ಮೀರದೆ. ವಿಷು ಮುಗಿಸಿ ಊರಿನಿಂದ ಬರುವ ಅಪ್ಪ ಅಮ್ಮನಿಗೆ ಇವೆರಡೂ ಇಲ್ಲ. ಅವರ ಪ್ರಯಾಣ ವಿಮೆಯಲ್ಲಿ ಬೆಟ್ಟದ ರಕ್ಷಣೆ ಸೇರಿದೆಯೇ ಎಂದು ಟಿಕೆಟ್ ಮಾಡಿಸುವ ದಿನವೇ ಓದಿ ನೋಡಿ.