ಬಿಸಿಯಾದಾಗ ಜಾರುತ್ತಿದ್ದ ಹಳೆಯ ಆಟೋಮ್ಯಾಟಿಕ್ ಗೇರ್: ಸರಿಪಡಿಸಿದ ಬಗೆ

ತಣ್ಣಗಿದ್ದಾಗ ಗಾಡಿ ಸರಿ. ಬಿಸಿಯಾದ ಮೇಲೆ ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಆರ್‌ಪಿಎಂ ಒಮ್ಮೆಲೇ ಏರುತ್ತಿತ್ತು, ವೇಗ ಮಾತ್ರ ಏರುತ್ತಿರಲಿಲ್ಲ.

ಸಮತಟ್ಟಾದ ಕಡೆ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡು ಲಿವರನ್ನು ಎಲ್ಲ ಸ್ಥಾನಗಳಿಗೂ ಆಡಿಸಿ, ಪಾರ್ಕ್‌ಗೆ ತಂದು ಇಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿದೆ. (ಕೆಲವು ಗಾಡಿಗಳಲ್ಲಿ ಇಂಜಿನ್ ಆರಿಸಿ ನೋಡಬೇಕು, ಮ್ಯಾನುಯಲ್ ಹೇಳಿದಂತೆ ಮಾಡಿ.) ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಗೇರ್ ಆಯಿಲ್ ತಣಿಸುವ ಕೂಲರ್ ಹೋಸಿನ ಕ್ಲಾಂಪ್ ಬಳಿ ಜಿನುಗುತ್ತಿತ್ತು. ಆಯಿಲ್ ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಒತ್ತಡ ಬಿದ್ದು ಕ್ಲಚ್ ಪ್ಲೇಟುಗಳು ಬಿಗಿಯಾಗಿ ಕಚ್ಚುವುದಿಲ್ಲ.

ಹೋಸ್ ಬದಲಿಸಿ, ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆ (ಪ್ಯಾನ್) ಇಳಿಸಿದೆ. ಒಳಗಿನ ಆಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಕೆಸರು ಅಂಟಿತ್ತು. ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರೋ ಕಪ್ಪು ಹಕ್ಕಳೆಯೋ ಸಿಕ್ಕಿದ್ದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕಿತ್ತು. ಆಗ ಆಯಿಲ್ ಬದಲಿಸಿ ಪ್ರಯೋಜನವಿರುತ್ತಿರಲಿಲ್ಲ. ಫಿಲ್ಟರ್, ಗ್ಯಾಸ್ಕೆಟ್ ಹೊಸದು ಹಾಕಿದೆ. ಇಳಿದದ್ದು 4 ಲೀಟರ್. ಟಾರ್ಕ್ ಕನ್ವರ್ಟರಿನಲ್ಲಿರುವುದು (ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಹೀಗೆ ಇಳಿಯುವುದಿಲ್ಲ. ಮೊದಲು ಅಷ್ಟೇ ಹಾಕಿ, ಮೊದಲೇ ಸೋರಿ ಕಡಿಮೆಯಾಗಿದ್ದದ್ದನ್ನು ಕಾಲು ಲೀಟರಿನಂತೆ ಅಳೆದು ಸೇರಿಸಿದೆ. ಹೆಚ್ಚಾದರೆ ನೊರೆಯೆದ್ದು ಮತ್ತೆ ಜಾರುತ್ತದೆ, ದಯವಿಟ್ಟು ಅವಸರ ಬೇಡ.

ಆದರೂ ಸ್ವಲ್ಪ ಜಾರುತ್ತಲೇ ಇತ್ತು. ಥ್ರಾಟಲ್ ಕೇಬಲ್ (ಆಕ್ಸಿಲರೇಟರ್ ಎಷ್ಟು ಒತ್ತಿದೆಯೆಂದು ಗೇರ್‌ಬಾಕ್ಸಿಗೆ ತಿಳಿಸುವ ತಂತಿ) ಸಡಿಲವಾಗಿತ್ತು. ಅದು ಸಡಿಲವಾದರೆ ಪೆಡಲ್ ಒತ್ತಿದಷ್ಟು ಆಯಿಲ್ ಒತ್ತಡ ಏರುವುದಿಲ್ಲ. ಮ್ಯಾನುಯಲ್‌ನ ಅಳತೆಗೆ ಅಡ್ಜಸ್ಟರ್ ನಟ್ ತಿರುಗಿಸಿದ ಮೇಲೆ ಬಿಸಿಯಲ್ಲೂ ಮೂರನೇ ಗೇರ್ ಗಟ್ಟಿಯಾಗಿ ಹಿಡಿಯುತ್ತಿದೆ.