ಕ್ಲೈಮಟಾಲಜಿ ಪಾಠ: ಮೊದಲು ರೂಮು ಅಳೆಯಿರಿ, ಚಾರ್ಟ್ ಆಮೇಲೆ

ಕಲಬುರಗಿಯಲ್ಲಿ ಆರ್ಕಿಟೆಕ್ಚರ್ ಹುಡುಗರಿಗೆ ಕ್ಲೈಮಟಾಲಜಿ (ಹವಾಮಾನಕ್ಕೆ ತಕ್ಕಂತೆ ಕಟ್ಟುವ ಪಾಠ), ಬಿಲ್ಡಿಂಗ್ ಸರ್ವಿಸಸ್ ಕಲಿಸುತ್ತೇನೆ. ಸೆಮಿಸ್ಟರಿನ ಮೊದಲ ಐದಾರು ವಾರ ನನ್ನ ಕ್ಲಾಸಿನಲ್ಲಿ ಪುಸ್ತಕ ತೆರೆಯುವುದಿಲ್ಲ. ಅವರು ಮಲಗುವ ರೂಮಿನ ಬಿಸಿ, ತೇವವನ್ನೇ ಅವರಿಂದ ಅಳೆಸುತ್ತೇನೆ. ಸೈಕ್ರೋಮೆಟ್ರಿಕ್ ಚಾರ್ಟ್ (ಗಾಳಿಯ ಬಿಸಿ-ತೇವದ ನಕ್ಷೆ), ಯು-ವ್ಯಾಲ್ಯೂ (ಗೋಡೆ, ಸ್ಲ್ಯಾಬು ಬಿಸಿ ದಾಟಿಸುವ ಅಳತೆ), ಮಹೋನಿ ಟೇಬಲ್ (ಊರಿನ ಹವಾಮಾನದಿಂದ ಕಟ್ಟಡ ಹೇಗಿರಬೇಕು ಅಂತ ಹೇಳುವ ಪಟ್ಟಿ) ಎಲ್ಲ ಆಮೇಲೆ. ಶುರು ಮಾಡಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಮಾತು: ಸಿಲಬಸ್ ಮುಗಿಯಲ್ಲ, ಹುಡುಗರು ಫೇಲಾಗ್ತಾರೆ. ಸಿಲಬಸ್ ಮುಗಿಯಿತು. ಹಿಂದೆ ನಲವತ್ತರಲ್ಲಿ ಹತ್ತು-ಹನ್ನೆರಡು ಜನ ಈ ಪೇಪರಿನಲ್ಲಿ ಫೇಲಾಗುತ್ತಿದ್ದರು. ಈಚಿನ ಬ್ಯಾಚುಗಳಲ್ಲಿ ಇಬ್ಬರೋ ಮೂವರೋ ಅಷ್ಟೇ. ಅಂದು ತಲೆ ಅಲ್ಲಾಡಿಸಿದವರೇ ಈಗ ಕಿಟ್ ಕೇಳಿಕೊಂಡು ಬರುತ್ತಾರೆ.

ಕಿಟ್ ಅಂದರೆ ಇಷ್ಟೇ. ಒಂದು ಇಎಸ್‌ಪಿ-32 ಬೋರ್ಡು (ಅಂಗೈಯೊಳಗಿನ ಪುಟ್ಟ ಕಂಪ್ಯೂಟರ್), ಒಂದು ಡಿಎಚ್‌ಟಿ-22 (ಗಾಳಿಯ ಬಿಸಿ, ತೇವ ಅಳೆಯುವ ಸೆನ್ಸರ್), ಎರಡು ಡಿಎಸ್18ಬಿ20 ಪ್ರೋಬು (ತಾಪ ಅಳೆಯುವ ಕಡ್ಡಿ), ಎಸ್‌ಡಿ ಕಾರ್ಡು, ಡಬ್ಬಿ. ಎಲ್ಲ ಸೇರಿ ಸಾವಿರದಿಂದ ಸಾವಿರದ ಇನ್ನೂರು ರೂಪಾಯಿ. ನಾಲ್ಕು ಜನಕ್ಕೆ ಒಂದು. ಮೊದಲ ವರ್ಷ ಕಾಲೇಜಿನಿಂದ ಒಂದು ರೂಪಾಯಿಯೂ ಸಿಗಲಿಲ್ಲ. ಹತ್ತು ಕಿಟ್‌ಗೆ ನನ್ನ ಕೈಯಿಂದಲೇ ಹತ್ತು-ಹನ್ನೆರಡು ಸಾವಿರ ಹೋಯಿತು. ಒಂದು ಪ್ರೋಬನ್ನು ಟೇಬಲ್ ಟೆನಿಸ್ ಚೆಂಡಿನೊಳಗೆ ತೂರಿಸಿ, ಚೆಂಡಿಗೆ ಮ್ಯಾಟ್ ಕಪ್ಪು ಬಣ್ಣ ಬಳಿದರೆ ಗೋಡೆ, ಸೀಲಿಂಗಿನಿಂದ ಹೊಮ್ಮುವ ಬಿಸಿಯನ್ನೂ ಹಿಡಿಯುವ ಗ್ಲೋಬ್ ಥರ್ಮಾಮೀಟರ್ ಆಯಿತು. ಇನ್ನೊಂದು ಪ್ರೋಬು ಸ್ಲ್ಯಾಬಿನ ಅಡಿಗೆ. ಬಿಸಿಗೆ ಉದುರದಂತೆ ಅದನ್ನು ಅಂಟಿಸುವುದು ಹೇಗೆ ಅನ್ನುವುದು ನಮ್ಮ ಲ್ಯಾಬಿನ ಗುಟ್ಟು.

ಮೊದಲ ಬ್ಯಾಚಿನ ಡೇಟಾ ಬಹುಪಾಲು ಹಾಳಾಯಿತು. ಪವರ್ ಬ್ಯಾಂಕ್‌ಗಳು ಕೈಕೊಟ್ಟವು. ಬೋರ್ಡು ನಿದ್ದೆಗೆ ಹೋದಾಗ ಎಳೆಯುವ ಕರೆಂಟು ತೀರಾ ಕಮ್ಮಿ. ಏನೂ ಜೋಡಿಸಿಲ್ಲ ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ. ಕೈಯಿಂದ ಮತ್ತೆ ಆನ್ ಮಾಡಿದರೆ ಗಡಿಯಾರ 1970ರ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಹುಡುಗರು ಅತ್ತರು, ನಿಜವಾಗಿ. ಈಗ 18650 ಸೆಲ್ (ರೀಚಾರ್ಜ್ ಮಾಡುವ ಲಿಥಿಯಂ ಸೆಲ್), ಜೊತೆಗೆ ನೂರೈವತ್ತು-ಇನ್ನೂರು ರೂಪಾಯಿಯ ಒಂದು ಆರ್‌ಟಿಸಿ ಮಾಡ್ಯೂಲ್ (ಕರೆಂಟು ಹೋದರೂ ಸಮಯ ಮರೆಯದ ಗಡಿಯಾರ). ಆಮೇಲೆ ತೊಂದರೆ ಬಂದಿಲ್ಲ. ಹೊರಗಿಡುವ ಸೆನ್ಸರಿಗೆ ಬಿಳಿ ತಟ್ಟೆಗಳ ಗೂಡು ಬೇಕೇ ಬೇಕು. ಬಿಸಿಲು ನೇರ ಬಿದ್ದರೆ ಅದು ಗಾಳಿಯ ತಾಪ ಅಲ್ಲ, ತನ್ನದೇ ತಾಪ ತೋರಿಸುತ್ತದೆ.

ಏಪ್ರಿಲ್ ಕೊನೆಯಲ್ಲಿ ಬರುವ ಗ್ರಾಫು ನೋಡಬೇಕು. ಹೊರಗೆ ಮಧ್ಯಾಹ್ನ 41-42 ಡಿಗ್ರಿ. ಮೇಲಿನ ಮಹಡಿಯ ಬಾಡಿಗೆ ರೂಮಿನಲ್ಲಿ ಸ್ಲ್ಯಾಬಿನ ಅಡಿಭಾಗ ಜಾಸ್ತಿ ಕಾಯುವುದು ಸಂಜೆ ಆರೂವರೆ-ಏಳಕ್ಕೆ. ರಾತ್ರಿ ಹತ್ತಕ್ಕೆ ಹೊರಗೆ 32ಕ್ಕೆ ಇಳಿದಿದ್ದರೂ ಸೀಲಿಂಗ್ ಇನ್ನೂ 40ರ ಆಸುಪಾಸು. ಫ್ಯಾನು ಆ ಬಿಸಿಯನ್ನೇ ಮೈಮೇಲೆ ಸುರಿಯುತ್ತದೆ. ಅದೇ ಹೊತ್ತಿಗೆ, ಹಳ್ಳಿಯಿಂದ ಬರುವ ಒಂದು ತಂಡ ಅಜ್ಜನ ಕಾಲದ ಮಾಳಿಗೆ ಮನೆಯ ಲೆಕ್ಕ ತರುತ್ತದೆ. ಎರಡಡಿ ಕಲ್ಲಿನ ಗೋಡೆ, ಮೇಲೆ ಮಣ್ಣು, ಒಂದು ಬೆಳಕಿಂಡಿ. ಅಲ್ಲಿ ಇಡೀ ದಿನ 31ರಿಂದ 33, ಅಷ್ಟೇ ಏರಿಳಿತ. ಎರಡೂ ಗ್ರಾಫು ಪಕ್ಕಪಕ್ಕ ಗೋಡೆಗೆ ಅಂಟಿಸಿ ನಾನು ಸುಮ್ನೆ ಕೂರುತ್ತೇನೆ. ‘ಸರ್, ಯಾಕೆ ಹೀಗೆ?’ ಅಂತ ಅವರೇ ಕೇಳುತ್ತಾರೆ. ಟೈಮ್ ಲ್ಯಾಗ್ (ಹೊರಗಿನ ಬಿಸಿ ಒಳಗೆ ಬರಲು ಹಿಡಿಯುವ ಹೊತ್ತು) ಪಾಠಕ್ಕೆ ಆಮೇಲೆ ಅರ್ಧ ಗಂಟೆ ಸಾಕು.

ಪಾಠ ಅಲ್ಲಿಗೇ ನಿಲ್ಲಲಿಲ್ಲ. ಮನೆ ಮಾಲೀಕರನ್ನು ಒಪ್ಪಿಸಿ ಒಂದು ತಾರಸಿಗೆ ಅರ್ಧ ಮಾತ್ರ ಸುಣ್ಣ ಬಳಿದರು. ಖರ್ಚು ಆರುನೂರು-ಏಳುನೂರು. ಬರಿ ಸ್ಲ್ಯಾಬು ಮಧ್ಯಾಹ್ನ 60 ದಾಟಿತ್ತು, ಸುಣ್ಣದ ಭಾಗ 45ರ ಹತ್ತಿರ. ಮಾಲೀಕರೇ ಉಳಿದರ್ಧ ಬಳಿಸಿದರು. ಇನ್ನೊಂದು ತಂಡ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿತು. 40 ಡಿಗ್ರಿ, ತೇವ 20 ಪರ್ಸೆಂಟ್ ಅಂದರೆ ವೆಟ್ ಬಲ್ಬ್ (ನೀರು ಆರಿಸಿ ಗಾಳಿಯನ್ನು ಎಷ್ಟರವರೆಗೆ ತಣ್ಣಗೆ ಮಾಡಬಹುದು ಅನ್ನುವ ಮಿತಿ) 22-23. ಕಲಬುರಗಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ 34 ಡಿಗ್ರಿ, 70 ಪರ್ಸೆಂಟಿಗೆ ಇದೇ ಮಾಡಿದರೆ? ಚಾರ್ಟ್ ಕೈಗೆ ಕೊಟ್ಟೆ. ವೆಟ್ ಬಲ್ಬ್ 29ರ ಹತ್ತಿರ ಅಂತ ಅವರೇ ಹುಡುಕಿ, ಅಲ್ಲಿ ಗೋಣಿ ದಂಡ ಅಂದರು. ಹಿಂದೆ ನಾಲ್ಕು ಕ್ಲಾಸು ತಗೊಂಡರೂ ಈ ಮಾತು ಬಂದಿರಲಿಲ್ಲ.

ವಿಷಯ ಸ್ವಲ್ಪ ಬೇರೆ, ಆದರೂ ಹೇಳಬೇಕು. ಅಕೂಸ್ಟಿಕ್ಸಿಗೆ ವಿಜಯಪುರದ ಗೋಲ ಗುಮ್ಮಟಕ್ಕೆ ಕರೆದೊಯ್ದೆ. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಸದ್ದು ಆಚೆ ಗೋಡೆಗೆ ಹೋಗಿ ಬರಲು 76 ಮೀಟರ್, ಅಂದರೆ 0.22 ಸೆಕೆಂಡು. ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿ ಫೋನಿನಲ್ಲಿ ರೆಕಾರ್ಡ್ ಮಾಡಿದರು. ಅಲೆಯ ಏಣುಗಳ ನಡುವಿನ ಅಂತರ ಅದರ ಹತ್ತಿರವೇ ಬಂತು. ಸದ್ದು ಎಲ್ಲೆಡೆ ಸಮವಾಗಿ ಹರಡಿದೆ ಅಂತ ಹಿಡಿದು, ಅದು ಅಡಗಲು ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕುವ ಸೇಬಿನ್ ಸೂತ್ರ ಅಲ್ಲಿ ಯಾಕೆ ಸೋಲುತ್ತದೆ ಅನ್ನುವುದನ್ನು ನಾನು ವಿವರಿಸಬೇಕಾಗಲಿಲ್ಲ.

ಕಟ್ಟಡದ ಮಾಡೆಲಿನ ಮೇಲೆ ಬಿಸಿಲು-ನೆರಳು ಬೀಳುವುದನ್ನು ತೋರಿಸುವ ಯಂತ್ರ ಹೀಲಿಯೋಡಾನಿನ ಕೊಟೇಶನ್ ಲಕ್ಷಗಳಲ್ಲಿತ್ತು. ಕೈಬಿಟ್ಟೆ. ಬದಲಿಗೆ 17 ಡಿಗ್ರಿ ಅಕ್ಷಾಂಶಕ್ಕೆ ಪೆಗ್ ಚಾರ್ಟ್ (ಯಾವ ತಿಂಗಳು, ಯಾವ ಗಂಟೆಗೆ ಸೂಜಿಯ ನೆರಳು ಎಲ್ಲಿ ಬೀಳುತ್ತದೆ ಅನ್ನುವ ಗೆರೆಗಳ ಹಾಳೆ) ನಾನೇ ಲೆಕ್ಕ ಹಾಕಿ ಮಾಡಿದೆ. ಹತ್ತು ರೂಪಾಯಿ ಪ್ರಿಂಟು, ಒಂದು ಗುಂಡುಸೂಜಿ. ಅದನ್ನು ಮಾಡೆಲಿಗೆ ಅಂಟಿಸಿ, ಬಿಸಿಲಿನಲ್ಲಿ ಸೂಜಿಯ ನೆರಳು ಬೇಕಾದ ತಿಂಗಳು-ಗಂಟೆಯ ಮೇಲೆ ಬೀಳುವವರೆಗೆ ವಾಲಿಸಿದರೆ ಮುಗಿಯಿತು. ಉತ್ತರದ ಕಿಟಕಿಗೆ ಛಜ್ಜಾ ಬೇಡ ಅಂತ ಸ್ಟುಡಿಯೋದಲ್ಲಿ ವಾದಿಸುತ್ತಿದ್ದವರು ಜೂನ್ ಗೆರೆಗೆ ತಂದು ನೋಡಿದರು. ಆಗ ನಮ್ಮಲ್ಲಿ ಸೂರ್ಯ ಇಡೀ ದಿನ ಉತ್ತರದಲ್ಲೇ ಇರುತ್ತಾನೆ. ಮರುದಿನವೇ ಡ್ರಾಯಿಂಗಿನಲ್ಲಿ ಛಜ್ಜಾ ಬಂತು. ಅವತ್ತಿನ ನನ್ನ ಖುಷಿಗೆ ಮಿತಿ ಇರಲಿಲ್ಲ.

ಸುಳ್ಳು ರೀಡಿಂಗ್ ಬರೆದು ತರುವವರನ್ನು ಹಿಡಿಯುವುದಕ್ಕೂ ನನ್ನ ಹತ್ತಿರ ಒಂದು ಉಪಾಯ ಇದೆ. ನನ್ನ ಹುಡುಗರೂ ಇದನ್ನು ಓದುತ್ತಾರೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಪೆಗ್ ಚಾರ್ಟ್ ಮಾಡುವವರಿಗೆ ಒಂದು ಎಚ್ಚರಿಕೆ. ಬೆಂಗಳೂರು, ಮೈಸೂರು ಕಡೆಯವರು ನನ್ನ ಚಾರ್ಟ್ ಹಾಗೇ ಬಳಸಬೇಡಿ, 12 ಅಥವಾ 13 ಡಿಗ್ರಿಗೆ ಹೊಸದಾಗಿ ಲೆಕ್ಕ ಹಾಕಿ. ಜೆರಾಕ್ಸಿನಲ್ಲಿ ಚಾರ್ಟ್ ದೊಡ್ಡದು-ಚಿಕ್ಕದು ಮಾಡಿದರೆ ಸೂಜಿಯ ಎತ್ತರವನ್ನೂ ಅಷ್ಟೇ ಪ್ರಮಾಣದಲ್ಲಿ ಬದಲಿಸಿ. ಚಾರ್ಟಿನ ಉತ್ತರ ಬಾಣ ಮಾಡೆಲಿನ ಉತ್ತರಕ್ಕೇ ಇರಲಿ. ಇಷ್ಟಾದರೆ ದಿಕ್ಸೂಚಿ ಕೂಡ ಬೇಡ.